ಹೊಟ್ಟೆಯ ಗಡ್ಡೆಗೆ ಸೂಜಿಯ ಸಾಕ್ಷಿ

ಎರಡು ಮೂರು ವರ್ಷದ ಮಗುವಿನ ಹೊಟ್ಟೆ ದಿನೇದಿನೇ ದೊಡ್ಡದಾಗುತ್ತಿದೆ ಎಂದರೆ ಹಳೆಯ ಮೈಸೂರಿನ ಮನೆಗಳಲ್ಲಿ ಮೊದಲು ಬರುತ್ತಿದ್ದ ಮಾತು ಹುಳುವಿನದು. ಜಂತುಹುಳುವಿಗೆ ಔಷಧಿ ಕುಡಿಸಿ, ದೃಷ್ಟಿ ನಿವಾಳಿಸಿ, ಮಣ್ಣು ತಿನ್ನದಂತೆ ಕಾದು, ಅದಕ್ಕೂ ಜಗ್ಗದಿದ್ದರೆ ಮನೆಯ ಹಿರಿಯರು 'ಇದು ಲಿವರ್ ಇರಬಹುದು' ಎನ್ನುತ್ತಿದ್ದರು. ಆ ಮಾತು ಬರಿಯ ಊಹೆಯಾಗಿರಲಿಲ್ಲ. ಕಳೆದ ಶತಮಾನದ ಬಹುಭಾಗ ದಕ್ಷಿಣ ಭಾರತದಲ್ಲಿ ಎಳೆಯ ಮಕ್ಕಳ ಯಕೃತ್ತು ಉಬ್ಬಿ ಕಲ್ಲಿನಂತೆ ಗಟ್ಟಿಯಾಗಿ, ಕಾಮಾಲೆ ಕಾಣಿಸಿಕೊಂಡು ಪ್ರಾಣ ಹೋಗುವ ಕಾಯಿಲೆಯೊಂದಿತ್ತು. ಮದರಾಸಿನ ಜಮ್ಮಿ ವೆಂಕಟರಮಣಯ್ಯನವರ 'ಲಿವರ್ ಕ್ಯೂರ್' ಎಂಬ ಔಷಧಿ ಹೆಸರು ಮಾಡಿದ್ದು ಈ ಕಾಯಿಲೆಯಿಂದಲೇ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿನ ಮೂಲಕ ಮಗುವಿನ ಯಕೃತ್ತಿಗೆ ಸೇರುವ ತಾಮ್ರಕ್ಕೂ ಈ ಕಾಯಿಲೆಗೂ ನಂಟಿದೆ ಎಂದು 1980ರ ದಶಕದ ಅಧ್ಯಯನಗಳು ತೋರಿಸಿದವು. ಅಡುಗೆಮನೆಗೆ ಸ್ಟೀಲ್ ಪಾತ್ರೆ ಬಂದಂತೆ ಆ ಕಾಯಿಲೆ ಅಪರೂಪವಾಯಿತು.

ಕಾಯಿಲೆ ಹೋದರೂ 'ಸ್ವಲ್ಪ ದಿನ ನೋಡೋಣ' ಎಂಬ ಅಭ್ಯಾಸ ಹೋಗಲಿಲ್ಲ. ಮಗುವಿನ ಹೊಟ್ಟೆ ಉಬ್ಬಲು ಕಾರಣಗಳು ಹಲವು. ಮೂತ್ರದ ದಾರಿ ಕಟ್ಟಿಕೊಂಡು ಮೂತ್ರಪಿಂಡ ನೀರು ತುಂಬಿ ಊದಬಹುದು. ಗುಲ್ಮ ಬೆಳೆದಿರಬಹುದು. ಕರುಳಿನ ಕ್ಷಯ ಇರಬಹುದು. ಈ ಪಟ್ಟಿಯಲ್ಲಿಯೇ ಮರೆಯಾಗಿ ಕುಳಿತಿರುವುದು ಏಡಿಗಂತಿ, ಅಂದರೆ ಕ್ಯಾನ್ಸರ್. ಕ್ಯಾನ್ಸರ್ ಮುದುಕರ ಕಾಯಿಲೆ ಎಂಬ ನಂಬಿಕೆ ಎಷ್ಟು ಆಳವಾಗಿದೆಯೆಂದರೆ, ಹಾಲುಹಲ್ಲು ಬೀಳದ ಮಗುವಿಗೂ ಅದು ಬರಬಹುದೆಂಬ ಯೋಚನೆ ಸುಲಭವಾಗಿ ಹೊಳೆಯುವುದಿಲ್ಲ. ಮಕ್ಕಳ ಹೊಟ್ಟೆಯ ಗಡ್ಡೆಗಳು ದೊಡ್ಡವರ ಗಡ್ಡೆಗಳಿಗಿಂತ ಬೇಗ ಬೆಳೆಯುತ್ತವೆ. ಅಷ್ಟೇ ಬೇಗ ಔಷಧಿಗೆ ಕರಗುವುದೂ ಉಂಟು. ಆದ್ದರಿಂದ 'ಇದು ಏನು' ಎಂಬ ಪ್ರಶ್ನೆಗೆ ಕೆಲವೇ ದಿನಗಳಲ್ಲಿ ಉತ್ತರ ಸಿಗುವುದು ಮಗುವಿನ ಬದುಕನ್ನೇ ನಿರ್ಧರಿಸಬಹುದು. ಆ ಉತ್ತರವನ್ನು ತರುವ ಸಾಧನಗಳಲ್ಲಿ ಅತ್ಯಂತ ಅಗ್ಗದ್ದು ಒಂದು ಸಣ್ಣ ಸೂಜಿ.

ಅಶೋಕಪುರಂನಿಂದ ಆಸ್ಪತ್ರೆಗೆ

ಮೈಸೂರಿನ ದಕ್ಷಿಣಕ್ಕಿರುವ ಅಶೋಕಪುರಂ ರೈಲ್ವೆ ಕಾರ್ಯಾಗಾರಕ್ಕೂ ದಲಿತ ಚಳವಳಿಗೂ ಹೆಸರಾದ ಬಡಾವಣೆ. ಚಾಮರಾಜನಗರ, ನಂಜನಗೂಡುಗಳಿಂದ ಬರುವ ರೈಲು ಅಶೋಕಪುರಂ ನಿಲ್ದಾಣವನ್ನು ಹಾದು ಚಾಮರಾಜಪುರಂ ದಾಟಿ ಮೈಸೂರು ನಿಲ್ದಾಣ ಸೇರುತ್ತದೆ. ಅಶೋಕಪುರಂನವರಿಗೂ ಈ ಹಾದಿಯುದ್ದಕ್ಕೂ ಇರುವ ಹಳ್ಳಿಗಳವರಿಗೂ ಕಾಯಿಲೆ ಎಂದರೆ ನೆನಪಾಗುವುದು ಎರಡು ಹೆಸರು: ಜನರ ಬಾಯಲ್ಲಿ 'ದೊಡ್ಡಾಸ್ಪತ್ರೆ' ಎನಿಸಿಕೊಂಡ ಕೃಷ್ಣರಾಜೇಂದ್ರ ಆಸ್ಪತ್ರೆ ಮತ್ತು ಹೆಂಗಸರು ಮಕ್ಕಳಿಗಾಗಿ ಇರುವ ಚೆಲುವಾಂಬ ಆಸ್ಪತ್ರೆ. ಎರಡೂ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದವು. ಈ ಕಾಲೇಜು 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂತು. 1984ರಲ್ಲಿ ಜೆಎಸ್ಎಸ್ ವೈದ್ಯಕೀಯ ಕಾಲೇಜು ಜೊತೆಗೂಡಿತು. ಕ್ಯಾನ್ಸರಿಗೆಂದೇ ರಾಜ್ಯದಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಆದದ್ದು 1973ರಲ್ಲಿ, ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯ ರೂಪದಲ್ಲಿ.

ಅಶೋಕಪುರಂನಿಂದ ದೊಡ್ಡಾಸ್ಪತ್ರೆಗೆ ಕೆಲವೇ ಕಿಲೋಮೀಟರು. ಬೆಂಗಳೂರಿಗಾದರೆ ಸುಮಾರು 140 ಕಿಲೋಮೀಟರು. ದಿನಗೂಲಿಯ ಮೇಲೆ ಬದುಕುವ ತಂದೆತಾಯಿಗೆ ಈ ಎರಡು ದೂರಗಳ ನಡುವಿನ ಅಂತರ ಬರಿಯ ರೈಲು ಟಿಕೆಟ್ಟಿನದಲ್ಲ. ಕಳೆದುಹೋಗುವ ಕೂಲಿ, ಮನೆಯಲ್ಲಿ ಬಿಟ್ಟುಬರಬೇಕಾದ ಉಳಿದ ಮಕ್ಕಳು, ಅಪರಿಚಿತ ಊರಿನಲ್ಲಿ ಉಳಿಯಲು ಜಾಗ, ಎಲ್ಲವೂ ಅದರಲ್ಲಿ ಸೇರಿವೆ. ಗಡ್ಡೆ ಯಾವುದೆಂದು ತಿಳಿಯಲೆಂದೇ ಹತ್ತು ಸಲ ಅಲೆಯಬೇಕಾದರೆ ಅಂಥ ಕುಟುಂಬ ನಡುವೆಯೇ ಕೈಚೆಲ್ಲುತ್ತದೆ. ಮಕ್ಕಳ ಕ್ಯಾನ್ಸರಿನಲ್ಲಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು, ಆರಂಭಿಸದೆಯೇ ಬಿಡುವುದು ಬಡ ದೇಶಗಳಲ್ಲಿ ಸಾವಿಗೆ ದೊಡ್ಡ ಕಾರಣಗಳಲ್ಲಿ ಒಂದು. ಹತ್ತಿರದ ಆಸ್ಪತ್ರೆಯಲ್ಲಿಯೇ, ಒಂದೆರಡು ದಿನದಲ್ಲಿಯೇ ಉತ್ತರ ಹೇಳಬಲ್ಲ ಪರೀಕ್ಷೆಯ ಬೆಲೆ ತಿಳಿಯುವುದು ಇಲ್ಲಿ.

ನಾಲ್ಕು ಗಡ್ಡೆ, ನಾಲ್ಕು ದಾರಿ

ಮಕ್ಕಳ ಹೊಟ್ಟೆಯಲ್ಲಿ ಕಾಣಿಸುವ ಕ್ಯಾನ್ಸರ್ ಗಡ್ಡೆಗಳಲ್ಲಿ ಮುಖ್ಯವಾದವು ನಾಲ್ಕು. ಮೂತ್ರಪಿಂಡದಲ್ಲಿ ಹುಟ್ಟುವುದು ವಿಲ್ಮ್ಸ್ ಗಡ್ಡೆ. 1899ರಲ್ಲಿ ಇದರ ಬಗ್ಗೆ ಪುಸ್ತಕ ಬರೆದ ಜರ್ಮನಿಯ ಶಸ್ತ್ರವೈದ್ಯ ಮ್ಯಾಕ್ಸ್ ವಿಲ್ಮ್ಸ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಮೊದಲ ಮಹಾಯುದ್ಧದ ಕೊನೆಯ ವರ್ಷ, 1918ರಲ್ಲಿ, ಶತ್ರುಪಕ್ಷದ ಫ್ರೆಂಚ್ ಕೈದಿಯೊಬ್ಬನ ಗಂಟಲಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಡಿಫ್ತೀರಿಯಾ ತಗುಲಿ ಅವರು ತೀರಿಕೊಂಡರು. ಈ ಗಡ್ಡೆ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳದು. ಮಗು ಆಡಿಕೊಂಡೇ ಇರುತ್ತದೆ, ನೋವೂ ಇರುವುದಿಲ್ಲ. ಸ್ನಾನ ಮಾಡಿಸುವಾಗ ತಾಯಿಯ ಕೈಗೆ ಪಕ್ಕೆಯಲ್ಲಿ ಗಟ್ಟಿಯಾದದ್ದೇನೋ ತಗಲುವುದರಿಂದಲೇ ಎಷ್ಟೋ ಸಲ ಇದು ಪತ್ತೆಯಾಗುತ್ತದೆ.

ಎರಡನೆಯದು ನ್ಯೂರೋಬ್ಲಾಸ್ಟೋಮ. ಇದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲೋ ಬೆನ್ನುಹುರಿಯ ಪಕ್ಕದ ನರಗಳಲ್ಲೋ ಹುಟ್ಟುತ್ತದೆ. ಇದು ನರಕೋಶಗಳ ಗಡ್ಡೆ ಎಂದು ತೋರಿಸಿ 1910ರಲ್ಲಿ ಹೆಸರಿಟ್ಟವರು ಅಮೆರಿಕದ ಜೇಮ್ಸ್ ಹೋಮರ್ ರೈಟ್. ರಕ್ತಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಇಂದಿಗೂ ಬಳಕೆಯಲ್ಲಿರುವ 'ರೈಟ್ ಬಣ್ಣ' ಅವರದೇ. ಮೂರನೆಯದು ಯಕೃತ್ತಿನಲ್ಲಿ ಹುಟ್ಟುವ ಹೆಪಟೋಬ್ಲಾಸ್ಟೋಮ. ಹಳೆಯ ಕಾಲದ 'ಲಿವರ್' ಎಂಬ ಮಾತಿನ ಹಿಂದೆ ಅಪರೂಪಕ್ಕೆ ಇದೂ ಅಡಗಿದ್ದಿರಬಹುದು. ನಾಲ್ಕನೆಯದು ಲಿಂಫೋಮ, ಅದರಲ್ಲೂ ಬರ್ಕಿಟ್ ಲಿಂಫೋಮ. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಅಲ್ಲಿನ ಮಕ್ಕಳ ದವಡೆ ಮತ್ತು ಹೊಟ್ಟೆಗಳಲ್ಲಿ ಕಂಡ ಈ ಗಡ್ಡೆಯನ್ನು 1958ರಲ್ಲಿ ವರ್ಣಿಸಿದರು. ಇದರ ಬೆಳವಣಿಗೆ ಎಷ್ಟು ವೇಗದ್ದೆಂದರೆ ಒಂದೆರಡು ದಿನದಲ್ಲಿಯೇ ಕೋಶಗಳ ಸಂಖ್ಯೆ ಇಮ್ಮಡಿಯಾಗಬಲ್ಲದು.

ಕೈಯಿಂದ ಮುಟ್ಟಿದರೆ ನಾಲ್ಕೂ ಗಡ್ಡೆಗಳೇ. ಆದರೆ ಚಿಕಿತ್ಸೆಯ ದಾರಿ ಬೇರೆ ಬೇರೆ. ವಿಲ್ಮ್ಸ್ ಗಡ್ಡೆಯಾದರೆ ಮೂತ್ರಪಿಂಡವನ್ನೇ ತೆಗೆಯಬೇಕು, ಔಷಧಿಯನ್ನೂ ಕೊಡಬೇಕು. ನ್ಯೂರೋಬ್ಲಾಸ್ಟೋಮ ಹರಡಿದ್ದರೆ ದೀರ್ಘ ಔಷಧಿ ಚಿಕಿತ್ಸೆ ಮೊದಲು, ಕತ್ತಿ ಆಮೇಲೆ. ಹೆಪಟೋಬ್ಲಾಸ್ಟೋಮವನ್ನು ಔಷಧಿಯಿಂದ ಕುಗ್ಗಿಸಿ ಯಕೃತ್ತಿನ ಆ ಭಾಗವನ್ನು ಕತ್ತರಿಸಬೇಕಾಗಬಹುದು. ಲಿಂಫೋಮಕ್ಕೆ ಸಾಮಾನ್ಯವಾಗಿ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಡ, ಔಷಧಿಯೇ ಮದ್ದು. ಅಂಥ ಮಗುವಿನ ಹೊಟ್ಟೆಯನ್ನು ತೆರೆದು, ಗಾಯ ಮಾಯುವವರೆಗೆ ಔಷಧಿ ತಡಮಾಡಿದರೆ ಆ ವಾರಗಳಲ್ಲಿ ಗಡ್ಡೆಯೇ ಗೆಲ್ಲುತ್ತದೆ. ಆದ್ದರಿಂದ ಹೆಸರು ಗೊತ್ತಾಗದೆ ಹೆಜ್ಜೆ ಇಡುವಂತಿಲ್ಲ.

ಮದರಾಸಿನಿಂದ ಸ್ಟಾಕ್‌ಹೋಂವರೆಗೆ

ಹೊಟ್ಟೆಯೊಳಗೆ ಸೂಜಿ ಚುಚ್ಚಿ ರೋಗವನ್ನು ಹೊರಗೆ ತಂದು ನೋಡುವ ಕಥೆಯ ಒಂದು ಮುಖ್ಯ ಅಧ್ಯಾಯ ನಮ್ಮ ಪಕ್ಕದಲ್ಲಿಯೇ ನಡೆಯಿತು. 1903ರಲ್ಲಿ ಮದರಾಸಿನ ಜನರಲ್ ಆಸ್ಪತ್ರೆಯ ಚಾರ್ಲ್ಸ್ ಡೊನೊವನ್, ಜ್ವರದಿಂದ ಗುಲ್ಮ ಬೆಳೆದಿದ್ದ ಬಾಲಕನೊಬ್ಬನ ಗುಲ್ಮಕ್ಕೆ ಸೂಜಿ ಹಾಕಿ ರಕ್ತ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಸಣ್ಣ ಸಣ್ಣ ಪರಾವಲಂಬಿ ಜೀವಿಗಳು ಕಂಡವು. ಅದೇ ವರ್ಷ ವಿಲಿಯಂ ಲೀಶ್ಮನ್ ಎಂಬ ಸೇನಾ ವೈದ್ಯರು, ಡಂಡಂನಲ್ಲಿ ಕಾಯಿಲೆ ಬಿದ್ದು ಸತ್ತಿದ್ದ ಸೈನಿಕನ ಗುಲ್ಮದಲ್ಲಿ ಇಂಥವನ್ನೇ ಕಂಡದ್ದನ್ನು ಪ್ರಕಟಿಸಿದ್ದರು. ಕಾಲಾ ಅಜಾರ್ ರೋಗದ ಈ ಜೀವಿಗೆ ಇಬ್ಬರ ಹೆಸರನ್ನೂ ಸೇರಿಸಿ 'ಲೀಶ್ಮೇನಿಯ ಡೊನೊವನಿ' ಎಂದು ಕರೆಯಲಾಯಿತು. ಸತ್ತ ಮೇಲೆ ತಿಳಿಯುತ್ತಿದ್ದ ಕಾರಣ ಬದುಕಿರುವಾಗಲೇ ಸೂಜಿಯ ತುದಿಯಲ್ಲಿ ಸಿಕ್ಕಿತು. ಮರು ವರ್ಷ, 1904ರಲ್ಲಿ, ಗ್ರೇಗ್ ಮತ್ತು ಗ್ರೇ ಎಂಬ ವೈದ್ಯರು ಆಫ್ರಿಕಾದ ನಿದ್ರಾರೋಗವನ್ನು ಕುತ್ತಿಗೆಯ ಗಂಟುಗಳಿಗೆ ಸೂಜಿ ಹಾಕಿ ಪತ್ತೆ ಮಾಡುವುದನ್ನು ವಿವರಿಸಿದರು.

ಸೂಜಿಯನ್ನು ಕ್ಯಾನ್ಸರಿಗೆ ತಿರುಗಿಸಿದ ಹೆಸರಾಂತ ಪ್ರಯತ್ನ ನಡೆದದ್ದು ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಶಸ್ತ್ರವೈದ್ಯ ಹೇಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲಿಸ್ 1930ರಲ್ಲಿ ತಮ್ಮ ವಿಧಾನವನ್ನು ಪ್ರಕಟಿಸಿದರು. 1933ರಲ್ಲಿ ಅದೇ ಆಸ್ಪತ್ರೆಯ ಫ್ರೆಡ್ ಸ್ಟೂವರ್ಟ್ ಅದಕ್ಕೆ ಬೆಂಬಲವಾಗಿ ಬರೆದರು. ಆದರೂ ಅಮೆರಿಕದಲ್ಲಿ ಅದು ಬೇರುಬಿಡಲಿಲ್ಲ. ಅವರು ಬಳಸಿದ ಸೂಜಿ ಒಂದು ಮಿಲಿಮೀಟರಿಗಿಂತ ದಪ್ಪದ್ದು. ಚುಚ್ಚಿದ ದಾರಿಯಲ್ಲಿ ಕ್ಯಾನ್ಸರ್ ಹರಡೀತು ಎಂಬ ಭಯ ಒಂದು ಕಡೆ. ತುಂಡು ಮಾಂಸವನ್ನು ನೋಡಿಯೇ ತೀರ್ಪು ಹೇಳಬೇಕು, ಚದುರಿದ ಕೋಶಗಳನ್ನು ನಂಬಬಾರದು ಎಂಬ ಪೆಥಾಲಜಿ ತಜ್ಞರ ಹಟ ಇನ್ನೊಂದು ಕಡೆ.

ಸೂಜಿಗೆ ಮರುಹುಟ್ಟು ಬಂದದ್ದು 1950ರ ದಶಕದಲ್ಲಿ, ಸ್ಟಾಕ್‌ಹೋಂನ ಕರೊಲಿನ್‌ಸ್ಕ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ. ಅಲ್ಲಿನ ಸಿಕ್ಸ್‌ಟೆನ್ ಫ್ರಾನ್ಜೆನ್ ರಕ್ತರೋಗಗಳ ವೈದ್ಯರು. ಮೂಳೆಮಜ್ಜೆಯ ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿ ಓದುವುದು ಅವರಿಗೆ ನಿತ್ಯದ ಕೆಲಸ. ರಕ್ತದ ಕೋಶವನ್ನು ಹೀಗೆ ಓದಬಹುದಾದರೆ ಗಡ್ಡೆಯ ಕೋಶವನ್ನು ಏಕೆ ಓದಬಾರದು? ಅವರು ದಪ್ಪ ಸೂಜಿಯನ್ನು ಬಿಟ್ಟು ತೀರ ತೆಳ್ಳನೆಯದನ್ನು ಹಿಡಿದರು. ಒಂದೇ ಕೈಯಿಂದ ಎಳೆಯಬಹುದಾದ ಸಿರಿಂಜ್ ಹಿಡಿಕೆಯನ್ನು ಬಳಕೆಗೆ ತಂದರು. ಹೀಗಾಗಿ ಇನ್ನೊಂದು ಕೈ ಗಡ್ಡೆಯನ್ನು ಹಿಡಿದಿಟ್ಟುಕೊಳ್ಳಲು ಬಿಡುವಾಯಿತು. ಪೆಥಾಲಜಿ ತಜ್ಞ ಜೋಸೆಫ್ ಜಾಯಿಚೆಕ್ ಜೊತೆಗೂಡಿದ ಮೇಲೆ ಸಾವಿರಾರು ರೋಗಿಗಳ ಅನುಭವ ಒಂದುಗೂಡಿತು. ತೆಳ್ಳನೆಯ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡುವುದು ತೀರ ಅಪರೂಪ ಎಂಬುದು ಸ್ಪಷ್ಟವಾಗುತ್ತ ಬಂತು.

1970ರ ದಶಕದಿಂದ ಈ ಪರೀಕ್ಷೆ ಭಾರತದ ದೊಡ್ಡ ಆಸ್ಪತ್ರೆಗಳಿಗೂ ಬಂತು, ಮುಂದೆ ವೈದ್ಯಕೀಯ ಕಾಲೇಜುಗಳಿಗೆಲ್ಲ ಹರಡಿತು. ನಮ್ಮಲ್ಲಿ ಅದು ಬೇಗ ಒಗ್ಗಿದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಸೂಜಿ, ಸಿರಿಂಜ್, ಕೆಲವು ಗಾಜಿನ ಸ್ಲೈಡುಗಳು, ಎರಡು ಬಣ್ಣ, ಒಂದು ಸೂಕ್ಷ್ಮದರ್ಶಕ, ಓದಬಲ್ಲ ಕಣ್ಣು, ಇಷ್ಟಿದ್ದರೆ ಸಾಕು. ಮೊದಮೊದಲು ಕೈಗೆ ಸಿಗುವ ಕುತ್ತಿಗೆ, ಎದೆಯ ಗಂಟುಗಳಿಗೆ ಅದು ಬಳಕೆಯಾಯಿತು. ಹೊಟ್ಟೆಯ ಆಳಕ್ಕೆ ಧೈರ್ಯವಾಗಿ ಇಳಿದದ್ದು ಅಲ್ಟ್ರಾಸೌಂಡ್ ಯಂತ್ರ ಬಂದ ಮೇಲೆ. ಸೂಜಿಯ ತುದಿ ಎಲ್ಲಿದೆ, ಪಕ್ಕದಲ್ಲಿ ದೊಡ್ಡ ರಕ್ತನಾಳ ಇದೆಯೇ, ಗಡ್ಡೆಯ ಯಾವ ಭಾಗ ಜೀವಂತವಾಗಿದೆ, ಯಾವ ಭಾಗ ಕೊಳೆತು ನೀರಾಗಿದೆ ಎಂಬುದೆಲ್ಲ ಪರದೆಯ ಮೇಲೆ ಕಾಣುವಂತಾಯಿತು.

ಚುಚ್ಚುವುದು, ಸವರುವುದು, ಓದುವುದು

ಪರೀಕ್ಷೆಗೆ ಮೊದಲು ಕೆಲವು ಎಚ್ಚರಿಕೆಗಳಿವೆ. ಗಡ್ಡೆಯನ್ನು ಪದೇಪದೇ ಒತ್ತಿ ನೋಡಬಾರದು. ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ಪರೀಕ್ಷಿಸಬೇಕು. ನಾಯಿಯ ಮೂಲಕ ಬರುವ ಹೈಡಾಟಿಡ್ ಎಂಬ ನೀರುಗುಳ್ಳೆಯ ಸಂಶಯವಿದ್ದರೆ ಹೀಗೆ ಸೂಜಿ ಹಾಕುವಂತಿಲ್ಲ, ಒಳಗಿನ ನೀರು ಸೋರಿದರೆ ಮೈ ಒಮ್ಮೆಲೇ ಕೆರಳಿ ಪ್ರಾಣಕ್ಕೆ ಅಪಾಯ. ಅಡ್ರಿನಲ್ ಗ್ರಂಥಿಯ ಇನ್ನೊಂದು ಬಗೆಯ ಗಡ್ಡೆಗೆ ಚುಚ್ಚಿದರೆ ರಕ್ತದೊತ್ತಡ ಇದ್ದಕ್ಕಿದ್ದಂತೆ ಏರಬಹುದು. ಆದ್ದರಿಂದ ಮಗುವಿನ ವಯಸ್ಸು, ಕಾಯಿಲೆಯ ಕಥೆ, ರಕ್ತ ಮತ್ತು ಮೂತ್ರದ ಪರೀಕ್ಷೆ, ಸ್ಕ್ಯಾನ್ ಇವೆಲ್ಲ ಮೊದಲು, ಸೂಜಿ ಆಮೇಲೆ.

ಸೂಜಿಯ ದಪ್ಪ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ. ರಕ್ತ ತೆಗೆಯುವ ಸೂಜಿಯೂ ಸುಮಾರು ಇಷ್ಟೇ. ಚಿಕ್ಕ ಮಗುವಾದರೆ ಮಂಪರು ಬರುವ ಔಷಧಿ ಕೊಟ್ಟು, ಚರ್ಮವನ್ನು ಮರಗಟ್ಟಿಸಿ ಸೂಜಿಯನ್ನು ಗಡ್ಡೆಯೊಳಗೆ ಇಳಿಸುತ್ತಾರೆ. ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು, ಸೂಜಿಯನ್ನು ಕೆಲವು ಸಲ ಹಿಂದೆ ಮುಂದೆ ಆಡಿಸಿದಾಗ ಸಡಿಲವಾದ ಕೋಶಗಳು ಅದರ ಕೊಳವೆಯೊಳಗೆ ಸೇರುತ್ತವೆ. ಹೊರತೆಗೆಯುವ ಮುನ್ನ ಎಳೆತವನ್ನು ಬಿಡಬೇಕು. ಇಲ್ಲದಿದ್ದರೆ ಸೂಜಿಯಲ್ಲಿರಬೇಕಾದದ್ದು ಸಿರಿಂಜಿನೊಳಗೆ ಚಿಮ್ಮಿ ಹಾಳಾಗುತ್ತದೆ. ಎಲ್ಲ ಸೇರಿ ಬರುವುದು ಒಂದೆರಡು ಹನಿ ಅಷ್ಟೇ.

ಆ ಹನಿಯನ್ನು ಗಾಜಿನ ಸ್ಲೈಡುಗಳ ಮೇಲೆ ತೆಳ್ಳಗೆ ಸವರುತ್ತಾರೆ. ಕೆಲವನ್ನು ಗಾಳಿಯಲ್ಲಿ ಒಣಗಿಸಿ ಗೀಮ್ಸ ಬಣ್ಣ ಹಾಕುತ್ತಾರೆ. ಕೆಲವನ್ನು ಒದ್ದೆಯಿರುವಾಗಲೇ ಆಲ್ಕೊಹಾಲಿನಲ್ಲಿ ಮುಳುಗಿಸಿ, ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆಯಿಂದ ಹೆಸರಾದ ಪಾಪನಿಕೊಲಾವ್ ಅವರ ಬಣ್ಣ ಹಾಕುತ್ತಾರೆ. ತುಂಡು ಮಾಂಸವಾದರೆ ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಎಳೆಎಳೆಯಾಗಿ ಕೊಯ್ದು ನೋಡಲು ಹಲವು ದಿನ ಬೇಕು. ಸವರಿದ ಸ್ಲೈಡು ಅದೇ ದಿನ ಓದಲು ಸಿದ್ಧ.

ಓದುವುದೇ ಕಷ್ಟದ ಕೆಲಸ. ಮಕ್ಕಳ ಈ ಗಡ್ಡೆಗಳಲ್ಲಿ ಹೆಚ್ಚಿನವು ಸೂಕ್ಷ್ಮದರ್ಶಕದಲ್ಲಿ ಒಂದೇ ರೀತಿ ಕಾಣುತ್ತವೆ: ಸಣ್ಣ, ಗುಂಡನೆಯ, ನೀಲಿ ಕೋಶಗಳು, ರಾಗಿ ಚೆಲ್ಲಿದಂತೆ. ಆದರೂ ಕುರುಹುಗಳಿವೆ. ನೀಲಿ ಕೋಶಗಳ ಜೊತೆಗೆ ಮೂತ್ರಪಿಂಡದ ಎಳೆಯ ನಾಳಗಳಂಥ ರಚನೆಯೂ ಉದ್ದನೆಯ ನಾರಿನ ಕೋಶಗಳೂ ಕಂಡರೆ ಅದು ವಿಲ್ಮ್ಸ್ ಗಡ್ಡೆ. ಕೋಶಗಳು ಹೂವಿನ ದಳಗಳಂತೆ ವೃತ್ತವಾಗಿ ಕುಳಿತು ನಡುವೆ ನವಿರಾದ ನರದ ಎಳೆಗಳಿದ್ದರೆ ನ್ಯೂರೋಬ್ಲಾಸ್ಟೋಮ, ಆ ವೃತ್ತಕ್ಕೆ ಹೋಮರ್ ರೈಟ್ ಅವರದೇ ಹೆಸರು. ಕೋಶಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ, ಮೈತುಂಬ ಸಣ್ಣ ಗುಳ್ಳೆಗಳನ್ನು ಹೊತ್ತಿದ್ದರೆ ಬರ್ಕಿಟ್ ಲಿಂಫೋಮದ ಸಂಶಯ. ಯಕೃತ್ತಿನ ಕೋಶಗಳ ಎಳೆಯ ರೂಪ ಕಂಡರೆ ಹೆಪಟೋಬ್ಲಾಸ್ಟೋಮ. ಇದಕ್ಕೆ ರಕ್ತದಲ್ಲಿ ಏರುವ ಆಲ್ಫಾ ಫೀಟೊಪ್ರೋಟೀನ್ ಎಂಬ ವಸ್ತು ಜೊತೆಗೂಡಿ ಸಾಕ್ಷಿ ಹೇಳುತ್ತದೆ. ನ್ಯೂರೋಬ್ಲಾಸ್ಟೋಮಕ್ಕೆ ಮೂತ್ರದಲ್ಲಿ ಸಾಕ್ಷಿ ಸಿಗುತ್ತದೆ.

ಸೂಜಿಯ ಮಿತಿ

ಸೂಜಿ ಸುಳ್ಳು ಹೇಳುವುದು ಕಡಿಮೆ. ಆದರೆ ಏನನ್ನೂ ಹೇಳದಿರುವುದು ಉಂಟು. ತುದಿ ಕೊಳೆತ ಭಾಗಕ್ಕೆ ಹೋದರೆ ಬರುವುದು ಬರಿಯ ರಕ್ತ, ಕಸ. 'ಕ್ಯಾನ್ಸರ್ ಕೋಶ ಕಾಣಲಿಲ್ಲ' ಎಂಬ ವರದಿಯನ್ನು 'ಕ್ಯಾನ್ಸರ್ ಇಲ್ಲ' ಎಂದು ಓದಿಕೊಳ್ಳುವುದು ಅಪಾಯ. ಇನ್ನೊಂದು ಸಲ ಚುಚ್ಚಬೇಕಾಗಬಹುದು, ಇಲ್ಲವೇ ತುಂಡನ್ನೇ ತೆಗೆಯಬೇಕಾಗಬಹುದು. ಕೋಶ ಸಿಕ್ಕರೂ ಅದು ಗಡ್ಡೆಯ ಒಂದು ಮೂಲೆಯ ಸುದ್ದಿ ಮಾತ್ರ. ಇಡೀ ಗಡ್ಡೆಯ ಉಗ್ರತೆ ಎಷ್ಟು ಎಂಬುದನ್ನು ಅದರಿಂದ ಪೂರ್ತಿ ಅಳೆಯಲಾಗದು.

ಸೂಜಿ ಹಾಕಬೇಕೇ ಬೇಡವೇ ಎಂಬ ಬಗ್ಗೆಯೂ ವೈದ್ಯರಲ್ಲಿ ಎರಡು ಪಂಥಗಳಿವೆ. ಅಮೆರಿಕದ ಪದ್ಧತಿಯಲ್ಲಿ ವಿಲ್ಮ್ಸ್ ಗಡ್ಡೆಯ ಸಂಶಯವಿದ್ದು ತೆಗೆಯಲು ಸಾಧ್ಯವಿದ್ದರೆ ನೇರ ಶಸ್ತ್ರಚಿಕಿತ್ಸೆ. ಮೊದಲೇ ಯಾವ ಬಗೆಯ ಸೂಜಿ ಹಾಕಿದರೂ ಗಡ್ಡೆ ಚದುರಿರಬಹುದೆಂದು ಭಾವಿಸಿ ರೋಗವನ್ನು ಮೂರನೆಯ ಹಂತಕ್ಕೆ ಏರಿಸಿ ಹೆಚ್ಚಿನ ಚಿಕಿತ್ಸೆ ಕೊಡುತ್ತಾರೆ. ಯುರೋಪಿನ ಪದ್ಧತಿಯಲ್ಲಿ ಮೊದಲು ಔಷಧಿ ಕೊಟ್ಟು ಗಡ್ಡೆಯನ್ನು ಕುಗ್ಗಿಸಿ, ಆಮೇಲೆ ತೆಗೆಯುತ್ತಾರೆ. ತೆಳ್ಳನೆಯ ಸೂಜಿ ಹಾಕಿದ ಮಾತ್ರಕ್ಕೆ ಅಲ್ಲಿ ಹಂತ ಏರುವುದಿಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಬರುವಾಗಲೇ ಗಡ್ಡೆ ಹೊಟ್ಟೆಯನ್ನೆಲ್ಲ ಆವರಿಸಿರುತ್ತದೆ, ಕೂಡಲೇ ಕತ್ತಿ ಹಿಡಿಯುವ ಸ್ಥಿತಿ ಇರುವುದಿಲ್ಲ. ಮೊದಲು ಔಷಧಿ ಕೊಡಬೇಕಾದರೆ ಯಾವ ಗಡ್ಡೆಗೆ ಕೊಡುತ್ತಿದ್ದೇವೆ ಎಂಬ ಖಾತರಿ ಬೇಕು. ಅಂಥಲ್ಲಿ ಸೂಜಿ ನೆರವಿಗೆ ಬರುತ್ತದೆ. ಇತ್ತೀಚೆಗೆ ನೂಲಿನಂಥ ಮಾಂಸದ ಎಳೆಯನ್ನೇ ತೆಗೆಯುವ ಸ್ವಲ್ಪ ದಪ್ಪನೆಯ ಸೂಜಿಗಳು ಹೆಚ್ಚು ಬಳಕೆಗೆ ಬಂದಿವೆ. ಅನುವಂಶಿಕ ಧಾತುವಿನ ಪರೀಕ್ಷೆಗಳಿಗೆ ಅವು ಹೆಚ್ಚು ಸಾಮಗ್ರಿ ಒದಗಿಸುತ್ತವೆ. ಆದರೂ ತೆಳ್ಳನೆಯ ಸೂಜಿಗೆ ಕೆಲಸ ತಪ್ಪಿಲ್ಲ. ತೀರ ಬಳಲಿದ ಮಗುವಿಗೆ, ತುರ್ತಾಗಿ ಉತ್ತರ ಬೇಕಾದ ಕಡೆ ಅದೇ ಮೊದಲ ಮೆಟ್ಟಿಲು.

ಹೆಸರು ತಿಳಿದ ಮೇಲೆ

ಹೆಸರು ತಿಳಿಯುವುದರಿಂದ ಫಲವಿರುವುದು ಮದ್ದಿರುವ ಕಾರಣಕ್ಕೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಮಕ್ಕಳ ರಕ್ತ ಕ್ಯಾನ್ಸರನ್ನು ಔಷಧಿಯಿಂದ ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದರು. ಆ ಔಷಧಿಯನ್ನು ಒದಗಿಸಿದ ತಂಡದ ಮುಂದಾಳು ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್. 1950ರ ದಶಕದಲ್ಲಿ ಫಾರ್ಬರ್ ಅವರೇ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಆಕ್ಟಿನೊಮೈಸಿನ್ ಎಂಬ ಔಷಧಿಯನ್ನು ವಿಲ್ಮ್ಸ್ ಗಡ್ಡೆಗೆ ಕೊಟ್ಟು ಫಲ ಕಂಡರು. ಮುಂದಿನ ದಶಕದಲ್ಲಿ ಬಂದ ವಿನ್‌ಕ್ರಿಸ್ಟೀನ್, ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದ, ಅಂದರೆ ಕಾಶಿಕಣಗಿಲೆಯ ಗಿಡದಿಂದ ತೆಗೆದದ್ದು. ಈ ಎರಡು ಹಳೆಯ ಔಷಧಿಗಳೇ ಇಂದಿಗೂ ವಿಲ್ಮ್ಸ್ ಚಿಕಿತ್ಸೆಯ ಬೆನ್ನೆಲುಬು. ಪೂರ್ತಿ ಚಿಕಿತ್ಸೆ ಸಿಗುವ ದೇಶಗಳಲ್ಲಿ ಈ ಗಡ್ಡೆಯ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಬದುಕುತ್ತವೆ. ದೊಡ್ಡ ಮಕ್ಕಳಲ್ಲಿ ಹರಡಿದ ನ್ಯೂರೋಬ್ಲಾಸ್ಟೋಮ ಮಾತ್ರ ಈಗಲೂ ಕಠಿಣ.

ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹಮ್ಮಿಕೊಂಡ ಮಕ್ಕಳ ಕ್ಯಾನ್ಸರ್ ಯೋಜನೆ ಮೊದಲ ಗಮನಕ್ಕೆಂದು ಆರಿಸಿಕೊಂಡ ಆರು ಕ್ಯಾನ್ಸರುಗಳಲ್ಲಿ ವಿಲ್ಮ್ಸ್ ಗಡ್ಡೆ ಮತ್ತು ಬರ್ಕಿಟ್ ಲಿಂಫೋಮ ಎರಡೂ ಸೇರಿವೆ. 2030ರ ಹೊತ್ತಿಗೆ ಜಗತ್ತಿನ ಇಂಥ ಮಕ್ಕಳಲ್ಲಿ ಶೇಕಡ 60ರಷ್ಟಾದರೂ ಬದುಕಬೇಕೆಂಬುದು ಅದರ ಗುರಿ. ಕರ್ನಾಟಕದಲ್ಲಿ ಅದೇ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುವ ಏರ್ಪಾಡು. ಮದ್ದು ಇದೆ, ಹಣಕ್ಕೂ ಒಂದು ದಾರಿ ಇದೆ. ನಡುವೆ ಕಳೆದುಹೋಗುವುದು ಸಮಯ.

ಆ ಸಮಯವನ್ನು ಉಳಿಸುವ ಕೆಲಸ ಮನೆಯಿಂದಲೇ ಆರಂಭವಾಗಬೇಕು. ಮಗುವಿನ ಹೊಟ್ಟೆಯ ಒಂದು ಪಕ್ಕ ಉಬ್ಬಿದ್ದರೆ, ಗಟ್ಟಿಯಾದದ್ದು ಕೈಗೆ ತಗಲಿದರೆ, ಮೂತ್ರ ಕೆಂಪಾದರೆ, ಹುಳುವಿನ ಔಷಧಿಗೆ ಕಾಯುತ್ತ ಕೂರದೆ ಮೊದಲು ಮಕ್ಕಳ ವೈದ್ಯರಿಗೆ ತೋರಿಸಬೇಕು. ಆಮೇಲಿನದು ಆಸ್ಪತ್ರೆಯ ಹೊಣೆ. ಅಶೋಕಪುರಂನ ಮಗುವಿಗಾಗಲಿ, ಚಾಮರಾಜನಗರದ ಗಡಿಯ ಹಾಡಿಯಿಂದ ಬಂದ ಮಗುವಿಗಾಗಲಿ ಮೊದಲ ದಿನಗಳಲ್ಲಿಯೇ ಸ್ಕ್ಯಾನ್ ಆಗಿ, ಬೇಕಾದಲ್ಲಿ ಸೂಜಿ ಪರೀಕ್ಷೆಯಾಗಿ, ಸ್ಲೈಡು ನುರಿತ ಕಣ್ಣಿಗೆ ಬಿದ್ದರೆ, ಬೆಂಗಳೂರಿಗೆ ಹೋಗಬೇಕೇ ಇಲ್ಲಿಯೇ ಚಿಕಿತ್ಸೆ ಸಾಕೇ ಎಂಬುದನ್ನು ತಂದೆತಾಯಿಗೆ ಖಚಿತವಾಗಿ ಹೇಳಬಹುದು. ಮದರಾಸಿನಲ್ಲಿ ನೂರಿಪ್ಪತ್ತು ವರ್ಷಗಳ ಹಿಂದೆ ಬಾಲಕನೊಬ್ಬನ ಗುಲ್ಮದಿಂದ ತೆಗೆದ ಹನಿ ಒಂದು ರೋಗದ ಕಾರಣವನ್ನು ತಿಳಿಸಿತು. ಅಂದಿನ ಸೂಜಿಗಿಂತ ಇಂದಿನದು ತೆಳ್ಳಗಿದೆ, ದಾರಿ ತೋರಿಸಲು ಯಂತ್ರವಿದೆ, ಕಂಡುಹಿಡಿದ ರೋಗಕ್ಕೆ ಮದ್ದೂ ಇದೆ. ಮಗು ಹೊತ್ತಿಗೆ ಸರಿಯಾಗಿ ಆ ಮೇಜಿನ ಬಳಿ ಬರುವುದೊಂದೇ ಬಾಕಿ.